56ಕೆ ಬಾಕ್ಸ್‌ಗಳು ಶೆಲ್ಫಿನಲ್ಲೇ ಉಳಿದ ವರ್ಷ

1997ರ ಕೊನೆಯಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡ್‌ನ ಒಂದು ಅಂಗಡಿಯ ಕೌಂಟರಿನಲ್ಲಿದ್ದೆ. ಆಗ ಮನೆಗೆ ಇಂಟರ್ನೆಟ್ ಅಂದರೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ರೋ ಅಂತ ಕಿರುಚುವುದನ್ನು ಕೇಳುತ್ತಾ ಕೂರಬೇಕು. ಸೆಕೆಂಡಿಗೆ 33.6 ಸಾವಿರ ಬಿಟ್ ಸಾಗಿಸುವ 33.6 ಮೋಡೆಮ್ ಚೆನ್ನಾಗೇ ಮಾರಾಟವಾಗುತ್ತಿತ್ತು. 56 ಸಾವಿರದ 56ಕೆ ಬಂದಮೇಲೆ ತಲೆನೋವು ಶುರು.

56ಕೆಯಲ್ಲೇ ಎರಡು ಜಾತಿ. ಯುಎಸ್ ರೊಬೊಟಿಕ್ಸ್‌ನ ಎಕ್ಸ್2 ಒಂದು, ರಾಕ್‌ವೆಲ್-ಲೂಸೆಂಟ್ ಬಣದ ಕೆ56ಫ್ಲೆಕ್ಸ್ ಇನ್ನೊಂದು. ಇವರ ಭಾಷೆ ಅವರಿಗೆ ಬಾರದು. ನಿಮ್ಮದು ಎಕ್ಸ್2, ಇಂಟರ್ನೆಟ್ ಕೊಡುವವರ ಕಡೆಯದು ಫ್ಲೆಕ್ಸ್ ಆದರೆ ಎರಡೂ ತೆಪ್ಪಗೆ ಹಳೇ ವೇಗಕ್ಕೆ ಇಳಿದುಬಿಡುತ್ತವೆ. ಆ ಕಡೆ ಏನಿದೆ ಅಂತ ವಿಚಾರಿಸದೆಯೇ ನಾನು ಮಾರುತ್ತಿದ್ದೆ.

ಒಬ್ಬ ಮೇಷ್ಟ್ರು ನಾಲ್ಕೇ ದಿನಕ್ಕೆ ವಾಪಸ್ ಬಂದರು. "ಏನಪ್ಪಾ, ಬಾಕ್ಸ್ ಮೇಲೆ 56, ಸ್ಕ್ರೀನ್ ಮೇಲೆ 31,200. ಉಳಿದದ್ದು ನೀನೇ ಇಟ್ಕೊಂಡ್ಯಾ?" ನನ್ನ ಹತ್ತಿರ ಉತ್ತರವಿರಲಿಲ್ಲ. (56 ಬರೀ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವಾಗಿನ ಲೆಕ್ಕ, ಕಳಿಸುವಾಗ 33.6 ಮಾತ್ರ ಅಂತಲೂ ಅವರಿಗೆ ಹೇಳಿರಲಿಲ್ಲ.)

ಮಾರಾಟ ಇಳಿಯಿತು. ಪಕ್ಕದಂಗಡಿಯವರು ನೂರು ರೂಪಾಯಿ ಕಡಿಮೆ ಮಾಡಿದರು, ನಾವೂ ಮಾಡಿದೆವು. ಅಷ್ಟರಲ್ಲಿ ಪಿಸಿಯೊಳಗೇ ಕೂರುವ ಅಗ್ಗದ ಇಂಟರ್ನಲ್ ಮೋಡೆಮ್ ಬಂತು. ಅದರ ಅರ್ಧ ಕೆಲಸವನ್ನು ಪಿಸಿಯ ಪ್ರೊಸೆಸರೇ ಮಾಡಬೇಕು, ವಿಂಡೋಸ್ ಬಿಟ್ಟರೆ ನಡೆಯದು. ಆದರೆ ಬೆಲೆ ಕೇಳಿದವರಿಗೆ ಅದ್ಯಾವುದೂ ಬೇಕಿರಲಿಲ್ಲ. ನಮ್ಮ ಲಾಭ ಟೀ ಖರ್ಚಿಗೆ ಬಂದು ನಿಂತಿತು. "ರೇಟ್ ಬಿದ್ದಿದೆ ಸಾರ್, ಇನ್ನೊಂದು ಲಾಟ್ ತೆಗೆದುಕೊಳ್ಳೋಣ" ಅಂತ ಯಜಮಾನರಿಗೆ ಹೇಳಿದವನು ನಾನೇ. ಪೆದ್ದುತನ.

ಗಿರಾಕಿ ಹೋಗುತ್ತಿದ್ದದ್ದು ಪಕ್ಕದಂಗಡಿಗಲ್ಲ, ಮನೆಗೆ. "ಎರಡರಲ್ಲಿ ಯಾವುದು ಉಳಿಯುತ್ತೋ, ಎರಡು ತಿಂಗಳು ನೋಡೋಣ" ಅನ್ನುವವನಿಗೆ ಬೆಲೆ ಎಷ್ಟು ಇಳಿಸಿದರೂ ಅಷ್ಟೇ. ಇಳಿಸಿದಷ್ಟೂ, ಈ ಮಾಲು ಇನ್ನೇನು ಹಳತಾಗುತ್ತೆ ಅನ್ನೋ ಅವನ ಅನುಮಾನವೇ ಗಟ್ಟಿ.

1998ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ವಿ.90 ಅನ್ನೋ ಒಂದೇ ಮಾನದಂಡಕ್ಕೆ ಒಪ್ಪಿತು, ಸೆಪ್ಟೆಂಬರಿನಲ್ಲಿ ಅದು ಅಧಿಕೃತವಾಯಿತು. ಫ್ಲ್ಯಾಶ್ ಮೆಮೊರಿ, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ, ಇದ್ದ ಮೋಡೆಮ್‌ಗಳಿಗೆ ಹೊಸ ಸಾಫ್ಟ್‌ವೇರ್ ತುಂಬಿದರೆ ಸಾಕಿತ್ತು. ಮೇಷ್ಟ್ರದ್ದನ್ನು ಅಂಗಡಿಯಲ್ಲೇ ಕೂತು, ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟೆ. ಅಲ್ಲಿಂದ ಮುಂದೆ ಡೀಲರ್ ಹತ್ತಿರ ರೇಟಿಗಿಂತ ಮೊದಲು ಕೇಳುತ್ತಿದ್ದದ್ದು "ಇದು ಅಪ್‌ಗ್ರೇಡ್ ಆಗುತ್ತಾ?" ಅಂತ.

ನಾನು ತರಿಸಿದ ಲಾಟಿನಲ್ಲಿ ಅಪ್‌ಗ್ರೇಡ್ ಆಗದವು ಏಳು ಉಳಿದಿದ್ದವು. ಅವನ್ನು 33.6ರ ಬೆಲೆಗೇ ಕೊಟ್ಟೆವು.