ಅರಿಜೋನಾದ ದಕ್ಷಿಣ ಗಡಿಯಲ್ಲಿ: ಮಿಷನ್, ಕಾವಲು ಠಾಣೆ, ರ‍್ಯಾಂಚುಗಳ ದಾರಿ ಹಿಡಿಯುವವರಿಗೆ

ಅರಿಜೋನಾಕ್ಕೆ ಬರುವ ನಮ್ಮವರಲ್ಲಿ ಹೆಚ್ಚಿನವರು ಫೀನಿಕ್ಸಿನಿಂದ ಉತ್ತರಕ್ಕೆ, ಗ್ರ್ಯಾಂಡ್ ಕ್ಯಾನಿಯನ್ ಕಡೆಗೆ ಹೊರಟುಬಿಡುತ್ತಾರೆ. ದಕ್ಷಿಣಕ್ಕೆ ತಿರುಗಿ, ಟೂಸಾನ್ ನಗರವನ್ನು ದಾಟಿ, ಮೆಕ್ಸಿಕೋ ಗಡಿಯವರೆಗೆ ಚಾಚಿರುವ ಸಾಂತಾ ಕ್ರೂಸ್ ನದಿಯ ಕಣಿವೆಗೆ ಹೋಗುವವರು ಕಡಿಮೆ. ಸ್ಪೇನಿನ ಪಾದ್ರಿಗಳು, ಸೈನಿಕರು, ದನದ ಒಡೆಯರು, ಇಲ್ಲಿಯ ಮೂಲನಿವಾಸಿಗಳಾದ ಓಧಮ್ ಮತ್ತು ಅಪಾಚಿ ಜನರು ಇನ್ನೂರು ವರ್ಷಗಳ ಕಾಲ ಒಬ್ಬರಿಗೊಬ್ಬರು ಎದುರಾದ, ಕೆಲವೊಮ್ಮೆ ಕೂಡಿ ಬಾಳಿದ, ಹಲವು ಬಾರಿ ಕಾದಾಡಿದ ನೆಲ ಇದು. ಇಲ್ಲಿಗೆ ಬರುವವರು ಸಾಮಾನ್ಯವಾಗಿ ಒಂದು ಬಿಳಿ ಚರ್ಚಿನ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಈ ಗಡಿಯ ಚರಿತ್ರೆಯನ್ನು ನಿಜವಾಗಿ ತಿಳಿಯಬೇಕೆಂದಿರುವವರು ಚರ್ಚುಗಳ ಬೆನ್ನು ಹತ್ತುವುದಕ್ಕಿಂತ ದನಗಳ ಬೆನ್ನು ಹತ್ತುವುದು ಮೇಲು ಎಂಬುದು ನನ್ನ ಅನುಭವ. ಚರ್ಚುಗಳನ್ನು ಕಟ್ಟಿದ ಹಣ ದನ ಮತ್ತು ಗೋಧಿಯಿಂದ ಬಂದದ್ದು. ಯುದ್ಧಗಳಲ್ಲಿ ಹಲವು ಹೊತ್ತಿಕೊಂಡದ್ದೂ ದನಗಳಿಂದಲೇ.

ನವೆಂಬರಿನಿಂದ ಮಾರ್ಚ್ ನಡುವೆ ಹೋಗುವುದು ಉತ್ತಮ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಜುಲೈ ಬಂತೆಂದರೆ ಮಧ್ಯಾಹ್ನದ ಗುಡುಗು ಮಳೆಗೆ ಒಣ ಹಳ್ಳಗಳು ಕ್ಷಣಾರ್ಧದಲ್ಲಿ ತುಂಬಿ ಹರಿದು ಮಣ್ಣುರಸ್ತೆಗಳನ್ನು ಕೊಚ್ಚುತ್ತವೆ. ಬಾಡಿಗೆ ಕಾರು ಇಲ್ಲದೆ ಈ ಪ್ರವಾಸ ಸಾಧ್ಯವಿಲ್ಲ. ಟೂಸಾನಿನಲ್ಲಿ ಉಳಿದುಕೊಂಡು ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಅನುಕೂಲ. ದಕ್ಷಿಣಕ್ಕೆ ಹೋಗುವ ಐ-19 ಹೆದ್ದಾರಿಯಲ್ಲಿ ದೂರವನ್ನು ಮೈಲಿಗಳ ಬದಲು ಕಿಲೋಮೀಟರುಗಳಲ್ಲಿ ಬರೆದಿರುತ್ತಾರೆ, ನಿರ್ಗಮನಗಳ ಸಂಖ್ಯೆಯೂ ಗಡಿಯ ನೊಗಾಲೆಸ್ ಊರಿನಿಂದ ಎಣಿಸಿದ ಕಿಲೋಮೀಟರುಗಳೇ. ವೇಗದ ಮಿತಿ ಮಾತ್ರ ಮೈಲಿಗಳಲ್ಲಿಯೇ ಇದೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಗೊಂದಲವಾಗುವುದಿಲ್ಲ.

ನಮ್ಮವರಿಗೆ ಮುಖ್ಯವಾಗಿ ಹೇಳಬೇಕಾದ ಇನ್ನೊಂದು ವಿಷಯವಿದೆ. ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಮರಳುವಾಗ, ತೂಬಾಕ್ ಎಂಬ ಊರು ದಾಟಿದ ಮೇಲೆ, ಗಡಿ ಪಹರೆಯವರ ತಪಾಸಣಾ ಠಾಣೆ ಇದೆ. ಮೆಕ್ಸಿಕೋಕ್ಕೆ ಕಾಲಿಡದಿದ್ದರೂ ಅಲ್ಲಿ ನಿಲ್ಲಿಸಿ ಪೌರತ್ವದ ಬಗ್ಗೆ ಕೇಳಬಹುದು. ಕೆಲಸದ ವೀಸಾದ ಮೇಲೆ ಇರುವವರು, ಮಕ್ಕಳ ಮನೆಗೆಂದು ಊರಿನಿಂದ ಬಂದಿರುವ ಅಪ್ಪ-ಅಮ್ಮಂದಿರು ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರತಿ ಇಷ್ಟನ್ನೂ ಕೈಯಲ್ಲಿಯೇ ಇಟ್ಟುಕೊಳ್ಳಬೇಕು. ಹೋಟೆಲಿನ ಕೋಣೆಯಲ್ಲಿ ಬಿಟ್ಟು ಬರಬಾರದು.

ಮೊದಲ ದಿನ ಬೆಳಿಗ್ಗೆ ಟೂಸಾನಿನಿಂದ ಹೊರಟು 92ನೇ ನಿರ್ಗಮನದಲ್ಲಿ ಇಳಿದರೆ ಸಾನ್ ಹವಿಯೇರ್ ದೆಲ್ ಬಾಕ್ ಚರ್ಚು ದೂರದಿಂದಲೇ ಕಾಣುತ್ತದೆ. ಇದು ತೊಹೊನೊ ಓಧಮ್ ರಾಷ್ಟ್ರದ, ಅಂದರೆ ಸ್ವಂತ ಆಡಳಿತವಿರುವ ಓಧಮ್ ಸಮುದಾಯದ ನೆಲ, ಸುತ್ತ ಇರುವುದು ಅವರ ಊರು. ಇಟಲಿಯ ಟ್ರೆಂಟೊ ಸೀಮೆಯಲ್ಲಿ 1645ರಲ್ಲಿ ಹುಟ್ಟಿ, ಜೆಸ್ವಿಟ್ ಎಂಬ ಕ್ರೈಸ್ತ ಪಾದ್ರಿಗಳ ಪಂಥ ಸೇರಿ, ಪೂರ್ವದೇಶಗಳಿಗೆ ಹೋಗಬೇಕೆಂದು ಆಸೆಪಟ್ಟು, ಕೊನೆಗೆ ಮೆಕ್ಸಿಕೋಕ್ಕೆ ಕಳುಹಿಸಲ್ಪಟ್ಟ ಎಉಸೇಬಿಯೊ ಕೀನೊ ಎಂಬ ಪಾದ್ರಿ 1687ರಲ್ಲಿ ಈ ಸೀಮೆಗೆ ಬಂದು, 1692ರಲ್ಲಿ ಈ ಊರನ್ನು ಕಂಡು, ತನ್ನ ಪಂಥದ ಸಂತ ಫ್ರಾನ್ಸಿಸ್ ಕ್ಸೇವಿಯರನ ಹೆಸರನ್ನು ಇದಕ್ಕೆ ಇಟ್ಟನು. ನಮ್ಮ ನೆರೆಯ ಗೋವಾದ ಬೊಂ ಜೀಸಸ್ ಬೆಸಿಲಿಕಾದಲ್ಲಿ ಯಾರ ದೇಹವನ್ನು ಕಾಯ್ದಿರಿಸಲಾಗಿದೆಯೋ ಆ ಸಂತನೇ ಇವನು. ಚರ್ಚಿನ ಎಡಭಾಗದಲ್ಲಿ ಮಲಗಿರುವ ಅವನ ಮರದ ವಿಗ್ರಹದ ತಲೆಯನ್ನು ಭಕ್ತರು ಮೆಲ್ಲನೆ ಎತ್ತಿ ಹರಕೆ ಹೊರುತ್ತಾರೆ. ಹೊದಿಕೆಯ ತುಂಬ ಕೈ, ಕಾಲು, ಹೃದಯದ ಆಕಾರದ ಪುಟ್ಟ ಲೋಹದ ಹರಕೆ ತುಣುಕುಗಳನ್ನು ಚುಚ್ಚಿರುತ್ತಾರೆ.

ಕೀನೊ ಬೈಬಲ್ಲಿನ ಜೊತೆಗೆ ದನ, ಕುದುರೆ ಮತ್ತು ಗೋಧಿಯನ್ನು ತಂದನು. ಓಧಮ್ ಜನರು ಜೋಳ, ಅವರೆ ಜಾತಿಯ ಕಾಳು, ಕುಂಬಳಗಳನ್ನು ಬೇಸಿಗೆಯಲ್ಲಿ ಬೆಳೆಯುತ್ತಿದ್ದರು, ಚಳಿಗಾಲದಲ್ಲಿ ಹೊಲ ಖಾಲಿ ಬಿದ್ದಿರುತ್ತಿತ್ತು. ಹಿಮಕ್ಕೆ ಜಗ್ಗದ ಗೋಧಿ ಆ ತೆರವನ್ನು ತುಂಬಿತು. ಅದೇ ಕಾಲಕ್ಕೆ ಸಿಡುಬು, ದಡಾರಗಳೂ ಬಂದವು, ಹಳ್ಳಿಗೆ ಹಳ್ಳಿಯೇ ಬರಿದಾಯಿತು. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿ ಇಟ್ಟುಕೊಂಡು ಇಲ್ಲಿಯ ಚರ್ಚುಗಳನ್ನು ನೋಡಬೇಕು.

ಈಗಿರುವ ಕಟ್ಟಡ ಕೀನೊ ಕಾಲದ್ದಲ್ಲ. ಸ್ಪೇನಿನ ದೊರೆ 1767ರಲ್ಲಿ ಜೆಸ್ವಿಟರನ್ನು ಹೊರಹಾಕಿದ ಮೇಲೆ ಬಂದ ಫ್ರಾನ್ಸಿಸ್ಕನ್ ಪಾದ್ರಿಗಳು 1783ರಿಂದ 1797ರವರೆಗೆ ಓಧಮ್ ಕೆಲಸಗಾರರಿಂದ ಇದನ್ನು ಕಟ್ಟಿಸಿದರು. ಹುವಾನ್ ಬಾಟಿಸ್ಟಾ ವೆಲ್ಡೆರೈನ್ ಎಂಬ ಪಾದ್ರಿ ಈಗ ಗಡಿಯಾಚೆ ಇರುವ ಸೊನೊರಾದ ಅಂತೋನಿಯೊ ಎರ್ರೆರೋಸ್ ಎಂಬ, ದನ ಸಾಕುವ ದೊಡ್ಡ ಜಮೀನಿನ ಅಂದರೆ ರ‍್ಯಾಂಚ್ ಒಡೆಯನಿಂದ 7000 ಪೆಸೊ ಸಾಲ ತಂದನು. ಅಡವಿಟ್ಟದ್ದು ಇನ್ನೂ ಬೆಳೆಯದ ಗೋಧಿಯನ್ನು. ಪೂರ್ವದ ಗೋಪುರ ಇಂದಿಗೂ ಅಪೂರ್ಣ. ಇಪ್ಪತ್ತನೆಯ ಶತಮಾನದಲ್ಲಿ ದುರಸ್ತಿಗೆ ಸಿಮೆಂಟು ಬಳಸಿದ್ದರಿಂದ ತೇವ ಒಳಗೇ ಉಳಿದು ಚಿತ್ರಗಳು ಹಾಳಾಗತೊಡಗಿದವು. ಅದನ್ನು ಕಿತ್ತು, ಪಾಪಾಸುಕಳ್ಳಿಯ ಲೋಳೆ ಬೆರೆಸಿದ ಸುಣ್ಣದ ಗಾರೆಯನ್ನು ಮತ್ತೆ ಬಳಿಯುತ್ತಿದ್ದಾರೆ. ನಮ್ಮಲ್ಲಿ ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿ ಸೇರಿಸಿ ಅರೆಯುವ ಹಳೆಯ ಪದ್ಧತಿಯಂತೆಯೇ ಇದು. ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕುಳಿತುಕೊಂಡರೆ, ಅಮೃತಶಿಲೆಯೆಂದು ತೋರಿದ್ದು ಬಣ್ಣದ ಲೇಪ, ಒಂದು ಬಾಗಿಲು ಗೋಡೆಯ ಮೇಲೆ ಬರೆದ ಚಿತ್ರ ಎಂಬುದು ತಿಳಿಯುತ್ತದೆ. ಪ್ರವೇಶ ಶುಲ್ಕವಿಲ್ಲ, ಕಾಣಿಕೆ ಹಾಕಬಹುದು. ಇದು ಇಂದಿಗೂ ಪೂಜೆ ನಡೆಯುವ ಸ್ಥಳವಾದ್ದರಿಂದ ಪ್ರಾರ್ಥನೆಯ ವೇಳೆಯಲ್ಲಿ ತಿರುಗಾಡಬಾರದು. ಊರಿನ ಜನರ ಚಿತ್ರವನ್ನು ಕೇಳದೆ ತೆಗೆಯಬಾರದು. ಎದುರಿನ ಬಯಲಿನಲ್ಲಿ ಓಧಮ್ ಹೆಂಗಸರು ಎಣ್ಣೆಯಲ್ಲಿ ಕರಿದ ಅಗಲ ರೊಟ್ಟಿಯನ್ನು ಬಿಸಿಬಿಸಿಯಾಗಿ ಮಾರುತ್ತಾರೆ. ಜೇನುತುಪ್ಪದೊಡನೆ ಬಹಳ ರುಚಿ. ಸಸ್ಯಾಹಾರಿಗಳು ಕರಿಯಲು ಬಳಸಿದ್ದು, ಕಾಳಿಗೆ ಹಾಕಿದ್ದು ಹಂದಿಯ ಕೊಬ್ಬೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಲ್ಲಿಂದ ನೇರವಾಗಿ 34ನೇ ನಿರ್ಗಮನದ ತೂಬಾಕಿಗೆ ಹೋಗಬೇಕು. ಇದು ಸೈನಿಕರ ಊರು. 1751ರ ನವೆಂಬರಿನಲ್ಲಿ ಲೂಯಿಸ್ ಓಕ್ಪಿಕಗಿಗುವಾ ಎಂಬ ಓಧಮ್ ನಾಯಕನ ಮುಂದಾಳತ್ವದಲ್ಲಿ ದಂಗೆಯೆದ್ದು ನೂರಕ್ಕೂ ಹೆಚ್ಚು ವಲಸಿಗರು ಸತ್ತ ಮೇಲೆ ಸ್ಪೇನ್ ಇಲ್ಲಿ ಕಾವಲು ಠಾಣೆಯನ್ನು ಕಟ್ಟಿತು. ಇದರ ದಳಪತಿ ಹುವಾನ್ ಬಾಟಿಸ್ಟಾ ದೆ ಆನ್ಸಾ 1775ರ ಅಕ್ಟೋಬರಿನಲ್ಲಿ ವಲಸೆ ಕುಟುಂಬಗಳನ್ನೂ ದನಕರುಗಳನ್ನೂ ಕರೆದುಕೊಂಡು ಇಲ್ಲಿಂದಲೇ ಹೊರಟನು. ಆ ಪಯಣದಿಂದ ಸಾನ್ ಫ್ರಾನ್ಸಿಸ್ಕೊದ ನೆಲೆ ಸ್ಥಾಪನೆಯಾಯಿತು. ಠಾಣೆಯ ಅಡಿಪಾಯವನ್ನು ನೆಲದಡಿಯ ಕೋಣೆಯೊಂದರಲ್ಲಿ ಉಳಿಸಿ ತೋರಿಸುತ್ತಾರೆ. ಊರಿನ ಉಳಿದ ಭಾಗ ಈಗ ಕಲಾಕೃತಿಗಳ ಅಂಗಡಿಗಳಿಂದ ತುಂಬಿದೆ, ಚರಿತ್ರೆಗಾಗಿ ಬಂದವರು ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ನಡೆಯಬಲ್ಲವರಿಗೆ ಆನ್ಸಾ ಹೆಸರಿನ ಕಾಲುದಾರಿ ನದಿಯ ದಂಡೆಯಲ್ಲಿ ಸುಮಾರು 7 ಕಿ.ಮೀ. ಸಾಗಿ ತುಮಕಾಕೊರಿ ಎಂಬ ಹಳೆಯ ಮಿಷನ್ನನ್ನು (ಪಾದ್ರಿಗಳು ಮತಪ್ರಚಾರಕ್ಕೆ ಕಟ್ಟಿದ ನೆಲೆಯನ್ನು) ಮುಟ್ಟಿಸುತ್ತದೆ.

ತುಮಕಾಕೊರಿಗೆ ಅರ್ಧ ದಿನ ಕೊಡಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಸಾಧ್ಯವಿದ್ದರೆ ಇದನ್ನೇ ನೋಡಬೇಕೆಂದು ನಾನು ಹೇಳುತ್ತೇನೆ. ಸಾನ್ ಹವಿಯೇರ್ ಚರ್ಚು ಕಣ್ಣು ತುಂಬುತ್ತದೆ, ಆದರೆ ಈ ಗಡಿಯಲ್ಲಿ ಏನು ನಡೆಯಿತೆಂಬುದನ್ನು ತುಮಕಾಕೊರಿಯ ಮುಗಿಯದ ಗೋಡೆಗಳು ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ. ಕೀನೊ 1691ರಲ್ಲಿ ಇಲ್ಲಿಗೆ ಬಂದಾಗ ಹಳ್ಳಿ ನದಿಯ ಆಚೆ ದಡದಲ್ಲಿತ್ತು. ಈಗ ಕಾಣುವ ಹಸಿ ಇಟ್ಟಿಗೆಯ ದೊಡ್ಡ ಚರ್ಚನ್ನು ನಾರ್ಸಿಸೊ ಗುಟಿಯೆರ್ರೆಸ್ ಎಂಬ ಪಾದ್ರಿ 1800ರ ಸುಮಾರಿಗೆ ಆರಂಭಿಸಿದನು. ಆ ಹೊತ್ತಿಗೆ ಸ್ಪೇನ್ ಸರಕಾರ ಅಪಾಚಿಗಳಿಗೆ ಠಾಣೆಗಳ ಬಳಿ ನೆಲೆ ಕೊಟ್ಟು ಪಡಿತರ ಹಂಚತೊಡಗಿತ್ತು. ದನ ಹೊಡೆದುಕೊಂಡು ಹೋಗುವ ದಾಳಿಗಳು ತಗ್ಗಿದ್ದವು. ದೊಡ್ಡ ಕಟ್ಟಡಗಳಿಗೆ ಕೈಹಾಕುವ ಧೈರ್ಯ ಬಂದದ್ದು ಆ ಶಾಂತಿಯಿಂದ. ಆದರೂ ಹಣ ಸಾಲಲಿಲ್ಲ. 1821ರಲ್ಲಿ ಮಿಷನ್ನಿನ 4000 ದನಗಳನ್ನು ಇಗ್ನಾಸಿಯೊ ಪೆರೆಸ್ ಎಂಬ ಸೈನ್ಯಾಧಿಕಾರಿಗೆ ಮಾರಿದರು. ಅವನು ರ‍್ಯಾಂಚನ್ನೂ ಕಟ್ಟುತ್ತಿದ್ದವನು. ಮೊದಲ ಕಂತಿನ ಬಳಿಕ ಅವನು ಹಣ ಕೊಡಲು ತಡಮಾಡಿದ್ದರಿಂದ ಕೆಲಸ ನಿಂತಿತು. ಮೆಕ್ಸಿಕೋ ಸ್ವತಂತ್ರವಾದ ಮೇಲೆ ಪಡಿತರವೂ ನಿಂತು, 1830ರ ದಶಕದಲ್ಲಿ ದಾಳಿಗಳು ಮರುಕಳಿಸಿದವು. ಗಂಟೆಗೋಪುರಕ್ಕೆ ಇಂದಿಗೂ ತಲೆಯಿಲ್ಲ.

ಹೊರಗೋಡೆಯನ್ನು ಹತ್ತಿರದಿಂದ ನೋಡಬೇಕು. ಮುಂಬಾಗಿಲಿನ ಕಂಬಗಳ ಮೇಲೆ ಕೆಂಪು ಬಣ್ಣದ ಗುರುತು ಇನ್ನೂ ಉಳಿದಿದೆ. ಪಕ್ಕದ ಗೋಡೆಯ ಗಾರೆಯಲ್ಲಿ ಇಟ್ಟಿಗೆಯ ಚೂರು ಮತ್ತು ಕರಿಯ ಕಿಟ್ಟದ ಚೂರುಗಳನ್ನು ಹಸಿಯಿರುವಾಗಲೇ ಒತ್ತಿ ಮೂಡಿಸಿದ ವಿನ್ಯಾಸವಿದೆ. ಅದನ್ನು ಒತ್ತಿದ ಕೈಗಳಲ್ಲಿ ಒಬ್ಬರ ಹೆಸರೂ ಇಲ್ಲಿಯ ಫಲಕಗಳಲ್ಲಿ ನನಗೆ ಕಾಣಲಿಲ್ಲ. ಹಿಂದೆ ಸ್ಮಶಾನ, ಅದರ ನಡುವೆ ಛಾವಣಿಯಿಲ್ಲದ ದುಂಡನೆಯ ಶವಮಂದಿರ, ಸುಣ್ಣದ ಭಟ್ಟಿ, ಕಣಜದ ಕೋಣೆ ಎಲ್ಲವನ್ನೂ ಸುತ್ತಿ ಬರಬಹುದು. ಗಟ್ಟಿ ನೆಲದ ದಾರಿಯಿರುವುದರಿಂದ ವಯಸ್ಸಾದವರಿಗೂ ಕಷ್ಟವಿಲ್ಲ. ವಯಸ್ಕರಿಗೆ ಪ್ರವೇಶ ಶುಲ್ಕವಿದೆ, ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುತ್ತದೆ. ತೂಬಾಕಿನದು ರಾಜ್ಯದ ಉದ್ಯಾನವಾದ್ದರಿಂದ ಅಲ್ಲಿ ಬೇರೆ ಹಣ ಕೊಡಬೇಕು.

ಈ ಊರಿನ ಓಧಮ್ ಜನರು ತಮ್ಮ ಹೊಲ ಮತ್ತು ಗೋಮಾಳಕ್ಕೆ ಹಕ್ಕುಪತ್ರ ಬೇಕೆಂದು ಕೇಳಿ, ಹುವಾನ್ ಲೆಗಾರ್ರ ಎಂಬ ತಮ್ಮ ಮುಖ್ಯಸ್ಥನ ಮೂಲಕ 1807ರಲ್ಲಿ ಅದನ್ನು ಪಡೆದಿದ್ದರು. 1844ರಲ್ಲಿ ಮೆಕ್ಸಿಕೋ ಸರಕಾರ ಅದೇ ನೆಲವನ್ನು ಪಾಳುಬಿದ್ದದ್ದೆಂದು ಕರೆದು 500 ಪೆಸೊಗಳಿಗೆ ಮಾರಿತು. ನಾಲ್ಕು ವರ್ಷಗಳ ಬಳಿಕ, ದಾಳಿ ಮತ್ತು ಕಡುಚಳಿಯನ್ನು ತಾಳಲಾರದೆ, ಉಳಿದ ಕುಟುಂಬಗಳು ಚರ್ಚಿನ ವಿಗ್ರಹಗಳನ್ನು ಹೊತ್ತುಕೊಂಡು ಸಾನ್ ಹವಿಯೇರಿಗೆ ನಡೆದುಹೋದವು. ಪತ್ರ ಕೈಯಲ್ಲಿದ್ದೂ ನೆಲ ಕಳೆದುಕೊಂಡವರ ಈ ಕಥೆ ಇಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು.

ಎರಡನೆಯ ದಿನಕ್ಕೆ ರ‍್ಯಾಂಚುಗಳು. ನೊಗಾಲೆಸಿನಿಂದ 82ನೇ ಹೆದ್ದಾರಿ ಹಿಡಿದು ಪ್ಯಾಟಗೋನಿಯಾ ಎಂಬ ಊರಿನ ಮೂಲಕ ಸೊನೊಯ್ಟಾಕ್ಕೆ ಏರಬೇಕು. ಮರುಭೂಮಿ ಹಿಂದುಳಿದು, ಓಕ್ ಮರಗಳೂ ಎದೆಮಟ್ಟದ ಹುಲ್ಲೂ ತುಂಬಿದ ಬಯಲು ತೆರೆದುಕೊಳ್ಳುತ್ತದೆ. 1854ರಲ್ಲಿ ಅಮೆರಿಕ ಒಂದು ಕೋಟಿ ಡಾಲರಿಗೆ ಈ ಸೀಮೆಯನ್ನು ಮೆಕ್ಸಿಕೋದಿಂದ ಕೊಂಡಾಗ ದನದ ಒಡೆಯರ ಕಣ್ಣು ಬಿದ್ದದ್ದು ಈ ಹುಲ್ಲಿನ ಮೇಲೆ. ಸೊನೊಯ್ಟಾದಿಂದ 83ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಬಲಕ್ಕೆ ತಿರುಗಿದರೆ ಎಂಪೈರ್ ರ‍್ಯಾಂಚ್ ಸಿಗುತ್ತದೆ. ವಾಲ್ಟರ್ ವೇಲ್ 1876ರಲ್ಲಿ ಪಾಲುದಾರನೊಡನೆ 160 ಎಕರೆ ಕೊಂಡು ಆರಂಭಿಸಿದ್ದು ಕೊನೆಗೆ ಸುಮಾರು ಹತ್ತು ಲಕ್ಷ ಎಕರೆಯ ಹರವನ್ನು ಮುಟ್ಟಿತು. ನಾಲ್ಕು ಕೋಣೆಯ ಮಣ್ಣಿನ ಮನೆ 22 ಕೋಣೆಗೆ ಬೆಳೆಯಿತು. ಕೋಣೆಯಿಂದ ಕೋಣೆಗೆ ನಡೆದರೆ ಆ ಬೆಳವಣಿಗೆ ಗೊತ್ತಾಗುತ್ತದೆ. 1880ರಲ್ಲಿ ಟೂಸಾನಿಗೆ ರೈಲು ಬಂದ ಮೇಲೆ ದನಗಳ ಸಂಖ್ಯೆ ಮಿತಿ ಮೀರಿ, 1891ರಿಂದ 1893ರ ಬರಗಾಲದಲ್ಲಿ ಈ ಸೀಮೆಯ ಅರ್ಧಕ್ಕೂ ಹೆಚ್ಚು ದನ ಸತ್ತವೆಂದು ಅಂದಾಜು. ಹುಲ್ಲು ಬೋಳಾದ ನೆಲವನ್ನು ಮಳೆ ಕೊರೆದು ಮಾಡಿದ ಆಳದ ಕೊರಕಲುಗಳನ್ನು ರಸ್ತೆಯಿಂದಲೇ ನೋಡಬಹುದು. ಒಳರಸ್ತೆ ಕೆಲವೆಡೆ ಮಣ್ಣಿನದು, ನೀರು ಮತ್ತು ಊಟ ಜೊತೆಗೆ ಇರಬೇಕು.

ಮೂರನೆಯ ದಿನ ನೋಡುವ ಬೋವಿ ಕೋಟೆಗೆ (ಟೂಸಾನಿನ ಪೂರ್ವಕ್ಕೆ, ಅಪಾಚಿ ಕಣಿವೆಯಲ್ಲಿ ಅಮೆರಿಕದ ಸೈನ್ಯ ಕಟ್ಟಿದ್ದು) ಈ 82ನೇ ಹೆದ್ದಾರಿಯ ಪಕ್ಕದ ಸೊನೊಯ್ಟಾ ಹಳ್ಳವೇ ಪೀಠಿಕೆ. 1861ರ ಜನವರಿಯಲ್ಲಿ ಇಲ್ಲಿಯ ಜಾನ್ ವಾರ್ಡ್ ಎಂಬವನ ರ‍್ಯಾಂಚಿನಿಂದ ಅಪಾಚಿಗಳು ದನಗಳನ್ನೂ ಅವನ ಮಲಮಗನನ್ನೂ ಒಯ್ದರು. ಅದನ್ನು ಮಾಡಿದವರು ಬೇರೊಂದು ಪಂಗಡದವರು. ಆದರೆ ಬ್ಯಾಸ್ಕಮ್ ಎಂಬ ಯುವ ಸೇನಾಧಿಕಾರಿ ಚಿರಿಕಾಹುವಾ ಅಪಾಚಿಗಳ ನಾಯಕ ಕೊಚೀಸನನ್ನು ಮಾತುಕತೆಗೆಂದು ಕರೆದು ಸೆರೆ ಹಿಡಿಯಲು ಹೋದನು. ಕೊಚೀಸ್ ಡೇರೆಯನ್ನು ಸೀಳಿಕೊಂಡು ಪಾರಾದನು, ಬಂಧುಗಳು ಸಿಕ್ಕಿಬಿದ್ದರು. ಎರಡೂ ಕಡೆ ಒತ್ತೆಯಾಳುಗಳನ್ನು ಕೊಂದರು. ಸತ್ತವರಲ್ಲಿ ಕೊಚೀಸನ ತಮ್ಮನೂ ಇದ್ದನು. ಮುಂದಿನ ಹನ್ನೊಂದು ವರ್ಷ ಯುದ್ಧ ನಡೆಯಿತು. 1872ರಲ್ಲಿ ಕೊಟ್ಟ ಮೀಸಲು ನೆಲವನ್ನು 1876ರಲ್ಲಿ ಸರಕಾರವೇ ಹಿಂದಕ್ಕೆ ಪಡೆಯಿತು. 1886ರ ಸೆಪ್ಟೆಂಬರಿನಲ್ಲಿ ಅಪಾಚಿ ಹೋರಾಟಗಾರ ಜೆರೋನಿಮೊ ಶರಣಾದ ಮೇಲೆ ಇಡೀ ಚಿರಿಕಾಹುವಾ ಜನವನ್ನು, ಸೈನ್ಯಕ್ಕೆ ನೆರವಾದವರನ್ನೂ ಬಿಡದೆ, ಯುದ್ಧಕೈದಿಗಳಾಗಿ ಫ್ಲಾರಿಡಾಕ್ಕೆ ಸಾಗಿಸಿದರು.

ಕೋಟೆಗೆ ವಾಹನ ಹೋಗುವುದಿಲ್ಲ. ಒಂದು ಕಡೆಗೆ ಸುಮಾರು 2.4 ಕಿ.ಮೀ. ನಡೆಯಬೇಕು. ನಡೆಯಲಾಗದವರು ಮೊದಲೇ ಉದ್ಯಾನದವರಿಗೆ ತಿಳಿಸಿ ಬೇರೆ ವ್ಯವಸ್ಥೆ ಇದೆಯೇ ಎಂದು ಕೇಳಬೇಕು. ಈ ನಡಿಗೆಯನ್ನು ತಪ್ಪಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ದಾರಿಯಲ್ಲಿ ಸ್ಮಶಾನ, ಹಳೆಯ ಅಂಚೆಗಾಡಿ ತಂಗುದಾಣದ ಕುರುಹು, ಆಮೇಲೆ ಅಪಾಚಿ ಚಿಲುಮೆ ಸಿಗುತ್ತವೆ. ಸುತ್ತ ಒಣಗುಡ್ಡ, ನಡುವೆ ಬೆರಳ ಗಾತ್ರದ ನೀರು. ಎಲ್ಲರೂ ಈ ಕಣಿವೆಗಾಗಿ ಯಾಕೆ ಕಾದಾಡಿದರೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇನ್ನೊಂದು ದಿನ ಉಳಿದಿದ್ದರೆ ಟೂಸಾನಿನಿಂದ 86ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ, ತೊಹೊನೊ ಓಧಮ್ ರಾಷ್ಟ್ರದ ಆಡಳಿತ ಕೇಂದ್ರ ಸೆಲ್ಸ್ ಮೂಲಕ ತೋಪಾವಾಕ್ಕೆ ಹೋಗಿ, 2007ರಲ್ಲಿ ತೆರೆದ ಅವರದೇ ವಸ್ತುಸಂಗ್ರಹಾಲಯ ಹಿಮ್ದಾಗ್ ಕೀ ನೋಡಬೇಕು. ಮೇಲೆ ಹೇಳಿದ ಎಲ್ಲ ಕಡೆ ನಾವು ಓದುವುದು ಪಾದ್ರಿ, ದಳಪತಿ, ಒಡೆಯರು ಬರೆದಿಟ್ಟ ಕಾಗದಗಳ ಕಥೆಯನ್ನು. ಅದರಿಂದ ಮೂಲನಿವಾಸಿಗಳೆಲ್ಲ ಒಂದೇ ಕಡೆ ಇದ್ದರೆಂಬ ಭಾವನೆ ಬರುವುದುಂಟು. 1871ರ ಏಪ್ರಿಲ್ 30ರಂದು ಕ್ಯಾಂಪ್ ಗ್ರಾಂಟ್ ಬಳಿ ಸೈನ್ಯದ ರಕ್ಷಣೆಯಲ್ಲಿದ್ದ ನೂರಕ್ಕೂ ಹೆಚ್ಚು ಅಪಾಚಿಗಳನ್ನು, ಬಹುಪಾಲು ಹೆಂಗಸರು ಮಕ್ಕಳನ್ನು, ಕೊಂದ ಗುಂಪಿನಲ್ಲಿ ಟೂಸಾನಿನ ಬಿಳಿಯರು ಮತ್ತು ಮೆಕ್ಸಿಕನ್ನರ ಜೊತೆಗೆ ಓಧಮ್ ಜನರೂ ಇದ್ದರು. ತಲೆಮಾರುಗಳ ದಾಳಿಯ ನೋವು ಅದರ ಹಿಂದೆ ಇತ್ತು. ಈಗಿನ ಗಡಿ ಓಧಮ್ ನಾಡನ್ನೇ ಎರಡಾಗಿ ಸೀಳಿದೆ, ಅವರ ರಾಷ್ಟ್ರದ ಸುಮಾರು 100 ಕಿ.ಮೀ. ಅಂಚು ಮೆಕ್ಸಿಕೋಕ್ಕೆ ತಾಗಿದೆ, ಆಚೆ ಬದಿಯಲ್ಲೂ ಅವರ ಬಂಧುಗಳಿದ್ದಾರೆ. ಹೊರಡುವ ಮೊದಲು ಸಂಗ್ರಹಾಲಯ ತೆರೆದಿರುವ ದಿನಗಳನ್ನು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ, ಪೆಟ್ರೋಲನ್ನು ಟೂಸಾನಿನಲ್ಲಿಯೇ ತುಂಬಿಸಿಕೊಳ್ಳಿ, ಮುಖ್ಯರಸ್ತೆ ಬಿಟ್ಟು ಊರೊಳಗೆ ಅನುಮತಿಯಿಲ್ಲದೆ ತಿರುಗಬೇಡಿ. ಈ ರಸ್ತೆಯಲ್ಲೂ ಗಡಿ ಪಹರೆಯ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್ ಅಂದೂ ಜೊತೆಯಲ್ಲಿರಲಿ.