ಸಂಸ್ಕಾರಗಳ ಪ್ರಶ್ನೆ ಚೀಟಿಗಳು: ಕೆಲಸ ಎಲ್ಲಿಗೆ ಬಂತು

ನಮ್ಮ ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳ ಮೇಲೆ ಪ್ರಶ್ನೆ ಚೀಟಿ ಮಾಡುವ ಕೆಲಸ ಅರ್ಧಕ್ಕೆ ಬಂದಿದೆ. ಜ್ಞಾನಸ್ನಾನ, ಪರಮಪ್ರಸಾದ (ಕ್ರಿಸ್ತರ ದೇಹ, ರಕ್ತವಾಗಿ ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸ), ರೋಗಿಗಳ ತೈಲಲೇಪನ ಮುಗಿದಿವೆ. ವಿವಾಹ ಕೈಯಲ್ಲಿದೆ. ಉಳಿದ ಮೂರು ಬಾಕಿ.

'ಸಂಸ್ಕಾರಗಳು ಎಷ್ಟು, ಹೆಸರಿಸಿ' ಅನ್ನೋ ಥರದ ಪ್ರಶ್ನೆ ಇದರಲ್ಲಿ ಇಲ್ಲ. ಧರ್ಮೋಪದೇಶ ತರಗತಿಗೆ ಹೋಗುವ ಮಕ್ಕಳು ಅದನ್ನು ಒಂದೇ ಉಸಿರಿಗೆ ಹೇಳಿಬಿಡ್ತಾರೆ. ಸಂಸ್ಕಾರಗಳು ಏಳೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಅಂತ ಧರ್ಮಾಧ್ಯಕ್ಷರ (ಬಿಷಪ್‌ಗಳ) ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿದೆ. ಆದರೆ ಬಾಯಿಪಾಠ ಬಂದರೆ ವಿಷಯ ತಿಳಿದಂತಲ್ಲ. ಹಾಗಾಗಿ ಪ್ರತಿ ಚೀಟಿಯಲ್ಲೂ ನಮ್ಮ ಮಲೆನಾಡಿನ ಒಂದು ಸಂದರ್ಭ ಇಡುತ್ತಿದ್ದೇನೆ. ಹಿಂಬದಿಯಲ್ಲಿ ಉತ್ತರ, ಅದಕ್ಕೊಂದು 'ಯಾಕೆ'.

ಸುಲಭದ ಒಂದು: ಹತ್ತು ಗಂಟೆಗೆ ಬಲಿಪೂಜೆ, ಅಂದರೆ ಚರ್ಚಿನ ಪೂಜೆ (ಮಾಸ್). ತೀರ್ಥಹಳ್ಳಿ ಬಸ್ಸಿಳಿದು ಒಂಬತ್ತೂಕಾಲಿಗೆ ಕಾಫಿ ಕುಡಿದಿರಿ. ಪರಮಪ್ರಸಾದ ತಗೋಬಹುದಾ? ತಗೋಬಹುದು. ಅದಕ್ಕೆ ಮುಂಚೆ ಇರಬೇಕಾದ ಒಂದು ಗಂಟೆಯ ಉಪವಾಸ ಲೆಕ್ಕ ಹಾಕೋದು ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ, ಪೂಜೆ ಶುರುವಾಗುವ ಹೊತ್ತಿಗಲ್ಲ. ನೀರು, ಔಷಧಿಗೆ ಅಡ್ಡಿಯೇ ಇಲ್ಲ.

ನನಗೆ ಬಹಳ ಇಷ್ಟವಾದದ್ದು ಒಂದು ಜೋಡಿ ಚೀಟಿ. ಮೊದಲನೆಯದು: ಗೋಧಿ ಹಿಟ್ಟು ಸಿಗಲಿಲ್ಲ, ಅಕ್ಕಿ ಬೇಕಾದಷ್ಟಿದೆ. ಅಕ್ಕಿ ರೊಟ್ಟಿ ಇಟ್ಟು ಬಲಿಪೂಜೆ ಅರ್ಪಿಸಬಹುದಾ? ಎರಡನೆಯದು: ಆಲಿವ್ ಎಣ್ಣೆ ಇಲ್ಲ, ಕೊಬ್ಬರಿ ಎಣ್ಣೆ ಇದೆ. ರೋಗಿಗೆ ತೈಲಲೇಪನ ಮಾಡಬಹುದಾ?

ಭಾನುವಾರ ಪೂಜೆ ಮುಗಿದ ಮೇಲೆ ಯುವಕರ ಕೈಗೆ ಎರಡನ್ನೂ ಒಟ್ಟಿಗೇ ಕೊಟ್ಟೆ. ಎರಡಕ್ಕೂ 'ಆಗಲ್ಲ' ಅಂದರು. ಒಬ್ಬ ಹುಡುಗ ಮಾತ್ರ ಚೀಟಿ ತಿರುಗಿಸದೆ ಕೂತೇ ಇದ್ದ. "ಅಣ್ಣಾ, ಕಡುಬು, ರೊಟ್ಟಿ ತಿಂದು ಬೆಳೆದವರಿಗೆ ಅಕ್ಕಿ ಯಾಕೆ ಆಗಲ್ಲ?" ಅಂತ ಕೇಳಿದ. ಇಂಥ ಪ್ರಶ್ನೆ ಬರಲಿ ಅಂತಲೇ ಈ ಕೆಲಸ.

ಅಕ್ಕಿ ಆಗುವುದಿಲ್ಲ. ರೊಟ್ಟಿ ಬರೀ ಗೋಧಿಯದೇ ಇರಬೇಕು, ದ್ರಾಕ್ಷಾರಸ ದ್ರಾಕ್ಷಿಯದೇ ಇರಬೇಕು ಅನ್ನುತ್ತೆ ಧರ್ಮಸಭೆಯ ಕಾನೂನಿನ 924ನೇ ವಿಧಿ. ಕಡೆಯ ಭೋಜನದಲ್ಲಿ ಕ್ರಿಸ್ತರು ಮಾಡಿದ್ದನ್ನೇ ಧರ್ಮಸಭೆ ಮಾಡುತ್ತೆ. ಸಂಸ್ಕಾರದ ತಿರುಳನ್ನು ಬದಲಿಸುವ ಅಧಿಕಾರ ತನಗೂ ಇಲ್ಲ ಅನ್ನುತ್ತೆ. ಆದರೆ ಎಣ್ಣೆಯ ಮಾತು ಬೇರೆ. ಆಲಿವ್ ಸಿಗದ ನಾಡುಗಳಿವೆ ಅಂತ ಅನೇಕ ಧರ್ಮಾಧ್ಯಕ್ಷರು ಕೇಳಿಕೊಂಡರು. 1972ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಗಿಡಮರದಿಂದ ಬಂದ ಬೇರೆ ಎಣ್ಣೆಗೂ ಒಪ್ಪಿಗೆ ಕೊಟ್ಟರು. ಅಂದರೆ, ಆಶೀರ್ವದಿಸಿದ ಕೊಬ್ಬರಿ ಎಣ್ಣೆ ನಡೆಯುತ್ತೆ. ಎಲ್ಲಿ ಸಡಿಲ, ಎಲ್ಲಿ ಬಿಗಿ ಅಂತ ಈ ಜೋಡಿ ಚೀಟಿ ತೋರಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲ್ಲ.

ಜ್ಞಾನಸ್ನಾನದ ಚೀಟಿ ಮಳೆಗಾಲದ್ದು. ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್. ಹಸುಗೂಸಿನ ಜೀವ ಹೋಗುವಂತಿದೆ. ತಾಯಿ ಕೇಳಿಕೊಂಡಳು ಅಂತ ಕ್ರೈಸ್ತರಲ್ಲದ ನರ್ಸ್ ನೀರು ಹಾಕಿ 'ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ' ಜ್ಞಾನಸ್ನಾನ ಕೊಟ್ಟರೆ ಸಿಂಧುವಾ? ಸಿಂಧು. ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿದ್ದರೆ ಸಾಕು, ಧರ್ಮೋಪದೇಶ ಗ್ರಂಥದ 1256ನೇ ಕಂಡಿಕೆ ನೋಡಿ. ಅದೇ ಒಬ್ಬ ಗುರುಗಳೇ (ಫಾದರ್) 'ನಾನು' ಅನ್ನುವ ಕಡೆ 'ನಾವು ನಿನಗೆ ಜ್ಞಾನಸ್ನಾನ ಕೊಡುತ್ತೇವೆ' ಅಂದರೆ? ಅದು ಸಿಂಧುವಲ್ಲ ಅಂತ 2020ರಲ್ಲಿ ವ್ಯಾಟಿಕನ್ ಹೇಳಿದೆ.

ಈಗ ಕೂತಿರುವುದು ವಿವಾಹದ ಮುಂದೆ. 'ವಿವಾಹ ಸಂಸ್ಕಾರವನ್ನು ನೀಡುವವರು ಯಾರು?' ಎಲ್ಲರೂ ಫಾದರ್ ಅಂತಾರೆ. ಕಥೋಲಿಕರಲ್ಲಿ ಪೂಜಾವಿಧಿ ಬೇರೆ ಬೇರೆ ಇರುವ ಪರಂಪರೆಗಳಿವೆ. ನಮ್ಮ ಲ್ಯಾಟಿನ್ ಪರಂಪರೆಯಲ್ಲಿ ಗಂಡು ಹೆಣ್ಣೇ ಒಬ್ಬರಿಗೊಬ್ಬರು ನೀಡುತ್ತಾರೆ, ಗುರುಗಳು ಧರ್ಮಸಭೆಯ ಪರವಾಗಿ ಸಾಕ್ಷಿ. ಆದರೆ ಪೂರ್ವ ಪರಂಪರೆಯ ಸಭೆಗಳಲ್ಲಿ ನೀಡುವವರು ಗುರುಗಳೇ, ಅವರ ಆಶೀರ್ವಾದ ಇರಲೇಬೇಕು. ನಮ್ಮ ಜಿಲ್ಲೆಯಲ್ಲೇ ಎರಡೂ ಇವೆ ಅಲ್ವಾ. 1988ರಿಂದ ಲ್ಯಾಟಿನ್ ಪರಂಪರೆಯ ಶಿವಮೊಗ್ಗ ಧರ್ಮಪ್ರಾಂತ್ಯ, 2007ರಿಂದ ಪೂರ್ವ ಪರಂಪರೆಯ ಭದ್ರಾವತಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯ. ಹಾಗಾಗಿ ಈ ಚೀಟಿಯ ಹಿಂಬದಿಗೆ ಎರಡು ಉತ್ತರ ಬರೆಯಬೇಕು. ಅದಾದ ಮೇಲೆ ಬಾಕಿ ಮೂರರಲ್ಲಿ ಒಂದಾದ ದೃಢೀಕರಣ ಶುರು.