ಬೂಷ್ಟು ಹಿಡಿಯಲಿ ಅಂತ ಕಾಯುವ ಊರು

ನಮ್ಮ ತೋಟದಲ್ಲಿ ದ್ರಾಕ್ಷಿ ಗೊನೆಯ ಮೇಲೆ ಬೂದಿ ಬಣ್ಣದ ಬೂಷ್ಟು ಕಂಡರೆ ಅಪ್ಪ ಆ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ಯಾರ ಮನೆಯಲ್ಲಾದರೂ ಕೇಳಿ, ಇದೇ ಮಾತು ಹೇಳುತ್ತಾರೆ. ಅಕ್ಟೋಬರ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಮೋಡ ಕಟ್ಟಿದರೆ ಸಾಕು, ರಾತ್ರಿಯಲ್ಲೂ ಔಷಧಿ ಹೊಡೆಯುವ ಯಂತ್ರದ ಸದ್ದು. ಮಂಜು ಬಿತ್ತು ಅಂದರೆ ಎದೆ ಧಸಕ್ ಅನ್ನುತ್ತದೆ. ಅಂಥ ಮನೆಯಲ್ಲಿ ಬೆಳೆದ ನಾನು ಕಳೆದ ಅಕ್ಟೋಬರಿನಲ್ಲಿ ಫ್ರಾನ್ಸಿನ ಒಂದು ಊರಿಗೆ ಹೋಗಿದ್ದೆ. ಅಲ್ಲಿಯ ರೈತರು ಮಂಜು ಬೀಳಲಿ, ಹಣ್ಣಿಗೆ ಬೂಷ್ಟು ಹಿಡಿಯಲಿ ಅಂತ ಆಕಾಶ ನೋಡುತ್ತಾ ಕೂತಿರುತ್ತಾರೆ.

ಊರಿನ ಹೆಸರು ಸೋತೆರ್ನ್. ಬೋರ್ಡೋ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್. ಬೋರ್ಡೋದ ಸೇಂಟ್ ಜಾನ್ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆಗೆ ಲಾಂಗೋಂ ಎಂಬ ಪೇಟೆ ಸಿಗುತ್ತದೆ. ರಾತ್ರಿ ಅಲ್ಲೇ ಒಂದು ಮನೆಯಲ್ಲಿ ಉಳಿದೆ. ಬೆಳಿಗ್ಗೆ ಆ ಮನೆಯವರೇ ಕೊಟ್ಟ ಸೈಕಲ್ ತುಳಿಯುತ್ತಾ ಹೊರಟೆ.

ಅಬ್ಬಾ, ಆ ಮಂಜು! ಹತ್ತು ಮಾರು ಮುಂದಿನ ಮರ ಕಾಣಿಸುತ್ತಿರಲಿಲ್ಲ. ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಸೈಕಲ್ ಹ್ಯಾಂಡಲ್ ಮೇಲೆ ನೀರು ಹನಿಗಟ್ಟುತ್ತಿತ್ತು. ದಾರಿಯ ಎರಡೂ ಬದಿಗೆ ಸೊಂಟದೆತ್ತರದ ದ್ರಾಕ್ಷಿ ಸಾಲುಗಳು. ನಮ್ಮಲ್ಲಿಯ ಹಾಗೆ ತಲೆಯ ಮೇಲೆ ಚಪ್ಪರ ಇಲ್ಲ, ತಂತಿಗೆ ಕಟ್ಟಿದ ಕುಳ್ಳ ಬಳ್ಳಿಗಳು. ಈ ಮಂಜಿನಲ್ಲಿ ನಮ್ಮ ತೋಟ ಎರಡು ದಿನ ನಿಂತಿದ್ದರೆ ಕಥೆ ಮುಗಿಯುತ್ತಿತ್ತು ಅಂತ ಅನಿಸಿತು.

ಈ ಮಂಜು ಹುಟ್ಟುವುದು ಎರಡು ನದಿಗಳಿಂದ. ಸಿರೋಂ ಅಂತ ಒಂದು ಸಣ್ಣ ಹೊಳೆ. ಅದು ಲಾಂಡ್ ಎಂಬ ಕಾಡಿನ ಊಟೆಗಳಿಂದ ಹುಟ್ಟಿ, ಮರಗಳ ನೆರಳಲ್ಲೇ ಹರಿದು ಬರುತ್ತದೆ. ಹಾಗಾಗಿ ನೀರು ತಣ್ಣಗೆ. ಅದು ಹೋಗಿ ಸೇರುವ ಗರೋನ್ ದೊಡ್ಡ ನದಿ, ಅದರ ನೀರು ಬೆಚ್ಚಗೆ. ಶರತ್ಕಾಲದಲ್ಲಿ ಇವೆರಡೂ ಕೂಡುವ ಕಡೆ ರಾತ್ರಿ ಮಂಜು ಏಳುತ್ತದೆ. ಬೆಳಗಾಗುವಷ್ಟರಲ್ಲಿ ಗುಡ್ಡದ ತೋಟಗಳ ಮೇಲೆ ಹೊದಿಕೆಯಂತೆ ಬಿದ್ದಿರುತ್ತದೆ. ಹತ್ತು, ಹನ್ನೊಂದು ಗಂಟೆಗೆ ಕರಗುತ್ತದೆ. ಮಧ್ಯಾಹ್ನ ಹದವಾದ ಬಿಸಿಲು. ಬೂಷ್ಟಿಗೆ ಬೆಳಗಿನ ತೇವ ಬೇಕು, ಹಣ್ಣಿಗೆ ಮಧ್ಯಾಹ್ನದ ಬಿಸಿಲು ಬೇಕು. ಎರಡೂ ಇಲ್ಲಿ ಒಂದೇ ದಿನದಲ್ಲಿ ಸಿಗುತ್ತವೆ.

ಸೋತೆರ್ನ್ ತೀರಾ ಚಿಕ್ಕ ಊರು. ಒಂದು ಚರ್ಚು, ಒಂದೆರಡು ಊಟದ ಮನೆ, ವೈನ್ ಮಾರುವ ಅಂಗಡಿ. ಅಷ್ಟೇ. ನಾನು ಅಲ್ಲಿ ನಿಲ್ಲಲಿಲ್ಲ. ನನ್ನ ಕಣ್ಣು ಇದ್ದದ್ದು ಊರಾಚೆಯ ಗುಡ್ಡದ ಮೇಲೆ. ಅಲ್ಲಿದೆ ಶಾತೋ ದಿಕೆಮ್. ಸಿಹಿ ವೈನ್ ಬಗ್ಗೆ ಮಾತು ಬಂದರೆ ಜಗತ್ತು ಮೊದಲು ಹೇಳುವ ಹೆಸರು. 1855ರಲ್ಲಿ ಬೋರ್ಡೋ ವೈನುಗಳಿಗೆ ದರ್ಜೆ ಕಟ್ಟಿದಾಗ ಸಿಹಿ ವೈನುಗಳಲ್ಲಿ ಎಲ್ಲರಿಗಿಂತ ಮೇಲೆ ಒಂದು ಬೇರೆಯೇ ಮೆಟ್ಟಿಲು ಮಾಡಿ ಇದೊಂದನ್ನೇ ಅಲ್ಲಿ ಕೂರಿಸಿದರು. ಇಂದಿಗೂ ಆ ಮೆಟ್ಟಿಲ ಮೇಲೆ ಬೇರೆ ಯಾರೂ ಇಲ್ಲ.

ಒಳಗೆ ಹೋಗಲು ಮೊದಲೇ ಬುಕ್ ಮಾಡಬೇಕು. ನಾನು ಎರಡು ತಿಂಗಳ ಹಿಂದೆಯೇ ಮಾಡಿದ್ದೆ. ಗೋಪುರಗಳಿರುವ ಹಳೆಯ ಕೋಟೆಮನೆ. ನಾನು ಅಂಗಳ ಮುಟ್ಟುವ ಹೊತ್ತಿಗೆ ಮಂಜು ಹರಿದು, ಸುತ್ತಲಿನ ಇಳಿಜಾರೆಲ್ಲ ಹಳದಿಗೆ ತಿರುಗಿದ ಎಲೆಗಳಿಂದ ಹೊಳೆಯುತ್ತಿತ್ತು. ಸುಮಾರು 100 ಹೆಕ್ಟೇರ್ ತೋಟ. ಸುಮಾರು ಮುಕ್ಕಾಲು ಪಾಲು ಸೆಮಿಯೋಂ ಎಂಬ ತೆಳು ಸಿಪ್ಪೆಯ ಬಿಳಿ ದ್ರಾಕ್ಷಿ, ಉಳಿದದ್ದು ಸೋವಿನ್ಯೋಂ ಬ್ಲಾಂ. ಸಿಪ್ಪೆ ತೆಳು ಇದ್ದಷ್ಟೂ ಬೂಷ್ಟಿಗೆ ಒಳಗೆ ಇಳಿಯಲು ಸುಲಭ.

ತೋಟ ತೋರಿಸಲು ಬಂದ ಹುಡುಗಿ ಒಂದು ಗೊನೆಯ ಮುಂದೆ ನಿಲ್ಲಿಸಿದಳು. ನಾನು ಮಾತಾಡದೆ ನೋಡಿದೆ. ಒಂದೇ ಗೊನೆಯಲ್ಲಿ ಮೂರು ಬಗೆಯ ಹಣ್ಣು. ಕೆಲವು ಚಿನ್ನದ ಬಣ್ಣದ ಚೆಂದದ ಹಣ್ಣು. ಕೆಲವು ಕಂದು ತಿರುಗಿದರೂ ಇನ್ನೂ ದುಂಡಗಿದ್ದವು. ಕೆಲವು ಸುಕ್ಕುಗಟ್ಟಿ, ನೇರಳೆ ಕಂದಾಗಿ, ಮೇಲೆ ಬೂದಿ ಪುಡಿ ಉದುರಿಸಿದಂತೆ ಬೂಷ್ಟು ಹೊತ್ತಿದ್ದವು. ನಾನಾಗಿದ್ದರೆ ಮೊದಲನೆಯದನ್ನು ಕಿತ್ತು, ಮೂರನೆಯದನ್ನು ಗುಂಡಿಗೆ ಎಸೆಯುತ್ತಿದ್ದೆ. ಇಲ್ಲಿ ಕೀಳುವುದು ಮೂರನೆಯದನ್ನೇ! ಉಳಿದವು ಇನ್ನೂ ಕಾಯಬೇಕು.

ಬೊಟ್ರೈಟಿಸ್ ಸಿನೇರಿಯಾ ಅಂತ ಆ ಬೂಷ್ಟಿನ ಹೆಸರು. ಅದು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತುಗಳನ್ನು ಮಾಡುತ್ತದೆ. ಬಿಸಿಲಿಗೆ ಒಳಗಿನ ನೀರು ಆರಿಹೋಗುತ್ತದೆ. ಸಕ್ಕರೆ, ಹುಳಿ, ವಾಸನೆ ಒಳಗೇ ಗಟ್ಟಿಯಾಗುತ್ತವೆ. ಜೊತೆಗೆ ಬೂಷ್ಟು ತನ್ನದೇ ಒಂದಷ್ಟು ಪರಿಮಳವನ್ನೂ ಸೇರಿಸುತ್ತದೆ. ಫ್ರೆಂಚರು ಇದನ್ನು ಕುಲೀನ ಕೊಳೆತ ಅನ್ನುತ್ತಾರೆ. ಇದೇ ಬೂಷ್ಟು, ಮಳೆ ಬಿಡದೆ ಹೊಡೆದರೆ, ಬರೀ ಕೊಳೆತ ಆಗುತ್ತದೆ. ಗೊನೆ ಹುಳಿತು ವಿನೆಗರ್ ವಾಸನೆ ಬರುತ್ತದೆ. ಅಂದರೆ ನಮ್ಮ ತೋಟದ ಶತ್ರು ಇಲ್ಲಿಯೂ ಶತ್ರುವೇ. ನಡುವೆ ಕೆಲವು ದಿನ ಮಾತ್ರ ಗೆಳೆಯ.

ಒಂದು ಸುಕ್ಕಿದ ಹಣ್ಣನ್ನು ಬಾಯಿಗೆ ಹಾಕಿಕೊಳ್ಳಲು ಹೇಳಿದಳು. ಮನಸ್ಸು ಹಿಂಜರಿಯಿತು. ಹಾಕಿಕೊಂಡೆ. ಮೊದಲು ನಾಲಿಗೆಗೆ ಸ್ವಲ್ಪ ಮಣ್ಣಿನ ವಾಸನೆ, ಧೂಳು. ಆಮೇಲೆ ಒಮ್ಮೆಲೇ ಜೇನು, ಜರದಾಳು, ಕಿತ್ತಳೆ ಸಿಪ್ಪೆ. ಹಣ್ಣು ತಿಂದ ಹಾಗಿರಲಿಲ್ಲ, ಒಂದು ಚಮಚ ಮುರಬ್ಬ ತಿಂದ ಹಾಗಿತ್ತು. ನನಗೆ ತಟ್ಟನೆ ನಮ್ಮ ಮಣೂಕ ಶೆಡ್ಡು ನೆನಪಾಯಿತು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತಾರೆ. ನೆರಳಲ್ಲಿ ಬಲೆಗಳ ಮೇಲೆ ಹರವಿ, ಎರಡು ವಾರ ಗಾಳಿಗೆ ಬಿಟ್ಟು, 4 ಕಿಲೋ ಹಸಿ ಹಣ್ಣಿನಿಂದ 1 ಕಿಲೋ ಮಣೂಕ ತೆಗೆಯುತ್ತೇವೆ. ಅಲ್ಲಿಯೂ ನೀರು ಹೋಗಿ ಸಿಹಿ ಉಳಿಯುತ್ತದೆ. ನಾವು ಬಳ್ಳಿಯಿಂದ ಕಿತ್ತ ಮೇಲೆ ಮಾಡುವ ಕೆಲಸವನ್ನು ಇಲ್ಲಿ ಬಳ್ಳಿಯ ಮೇಲೇ ಬೂಷ್ಟು ಮಾಡುತ್ತಿದೆ.

ಸಾಲಿನ ಆ ತುದಿಯಲ್ಲಿ ಕೀಳುವವರು ಇದ್ದರು. ಎಷ್ಟೋ ಹೆಂಗಸರು. ಮೊಣಕಾಲೂರಿ, ಸಣ್ಣ ಕತ್ತರಿಯಿಂದ ಗೊನೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ಹದಕ್ಕೆ ಬಂದದ್ದನ್ನು ಮಾತ್ರ ಕತ್ತರಿಸುತ್ತಿದ್ದರು. ಒಂದೇ ಬಳ್ಳಿಗೆ ಹೀಗೆ ಐದಾರು ಸಲ ಬರುತ್ತಾರೆ. ಕೆಲವು ವರ್ಷ ಅದಕ್ಕೂ ಜಾಸ್ತಿ. ಮಳೆ ಬಂದರೆ ಕೆಲಸ ನಿಲ್ಲುತ್ತದೆ, ಬಿಸಿಲು ಬಂದರೆ ಮತ್ತೆ ಶುರು. ಇಡೀ ವೈನಿನ ಗುಟ್ಟು ಈ ಕೈಗಳಲ್ಲಿದೆ ಅಂತ ನನಗೆ ಅನಿಸಿತು. ಯಾವ ಯಂತ್ರ ಬೂಷ್ಟಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಮೂಸಿ ಹೇಳುತ್ತದೆ? ಇಷ್ಟೆಲ್ಲ ಮಾಡಿ ಒಂದು ಬಳ್ಳಿಗೆ ಸಿಗುವುದು ಒಂದು ಲೋಟ ವೈನ್. ಬೇರೆ ಕಡೆ ಒಂದು ಬಳ್ಳಿಯಿಂದ ಒಂದು ಬಾಟಲಿ ತೆಗೆಯುವುದು ಸಾಮಾನ್ಯ.

ಈ ಹಟದ ಹಿಂದೆ ಒಬ್ಬ ಹೆಣ್ಣುಮಗಳ ಕಥೆ ಇದೆ. ಜೋಸೆಫೀನ್ ಈ ಮನೆಯ ವಾರಸುದಾರಳು. 1785ರಲ್ಲಿ ಲ್ಯುರ್ ಸಾಲ್ಯೂಸ್ ಮನೆತನದ ಸೇನಾಧಿಕಾರಿಯನ್ನು ಮದುವೆಯಾದಳು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಅವಳಿಗೆ ಆಗ 20 ವರ್ಷ. ಮರುವರ್ಷವೇ ಫ್ರೆಂಚ್ ಕ್ರಾಂತಿ. ಜೈಲಿಗೂ ಹೋಗಿ ಬಂದಳು. ಆದರೂ ತೋಟ ಬಿಡಲಿಲ್ಲ. 1826ರಲ್ಲಿ ದೊಡ್ಡ ಉಗ್ರಾಣ ಕಟ್ಟಿಸಿದಳು. 1851ರಲ್ಲಿ ತೀರಿಕೊಂಡಳು, ಆ ದರ್ಜೆಯ ಪಟ್ಟಿ ಬರುವುದಕ್ಕೆ ಬರೀ ನಾಲ್ಕು ವರ್ಷ ಮೊದಲು. ಅದನ್ನು ಅವಳು ನೋಡಬೇಕಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಇಲ್ಲಿಂದ 1784ರ ವೈನ್ 250 ಬಾಟಲಿ ತರಿಸಿಕೊಂಡ, ಆಮೇಲೆ ಜಾರ್ಜ್ ವಾಷಿಂಗ್ಟನ್‌ಗೂ ತರಿಸಿಕೊಟ್ಟ. ಇತ್ತೀಚೆಗೆ, 2011ರಲ್ಲಿ, 1811ರ ಒಂದೇ ಬಾಟಲಿ 75,000 ಪೌಂಡಿಗೆ ಮಾರಾಟವಾಯಿತು. ಇಂದು ತೋಟ ಎಲ್‌ವಿಎಂಎಚ್ ಎಂಬ ಐಷಾರಾಮಿ ವಸ್ತುಗಳ ಫ್ರೆಂಚ್ ಕಂಪನಿಯದು.

ನನಗೆ ಬೆಲೆಗಿಂತ ಜಾಸ್ತಿ ಮನಸ್ಸಿಗೆ ನಾಟಿದ್ದು ವೈನ್ ಮಾಡದೇ ಬಿಟ್ಟ ವರ್ಷಗಳು. 1972, 1974, 1992, 2012. ಆ ವರ್ಷಗಳಲ್ಲಿ ಶಾತೋ ದಿಕೆಮ್ ಹೆಸರಿನ ಸಿಹಿ ವೈನೇ ಬರಲಿಲ್ಲ. ಹಣ್ಣು ಹದಕ್ಕೆ ಬಾರದಿದ್ದರೆ ಮನೆಯ ಹೆಸರು ಹಾಕುವುದಿಲ್ಲ. ವರ್ಷವಿಡೀ ಕೂಲಿ, ಗೊಬ್ಬರ, ಚಾಟಣಿ ಎಲ್ಲ ಮಾಡಿ, ಕೊನೆಗೆ ಈ ವರ್ಷ ಬೇಡ ಅನ್ನುವುದು ಎಂಥ ಸಂಕಟ ಅಂತ ಬೆಳೆ ಬೆಳೆದವರಿಗೆ ಗೊತ್ತು.

ಉಗ್ರಾಣ ತಂಪಾಗಿತ್ತು. ಸಾಲು ಸಾಲು ಹೊಸ ಓಕ್ ಪೀಪಾಯಿಗಳು. ರಸ ಪೀಪಾಯಿಯಲ್ಲೇ ಹುದುಗುತ್ತದೆ. ಅಷ್ಟು ಸಿಹಿಯನ್ನು ಪೂರ್ತಿ ಮದ್ಯವಾಗಿಸಲು ಈಸ್ಟಿಗೆ ಆಗುವುದಿಲ್ಲ. ಮದ್ಯದ ಅಂಶ ಶೇಕಡಾ 13, 14ರ ಹತ್ತಿರ ಬಂದಾಗ ಹುದುಗು ನಿಲ್ಲುತ್ತದೆ. ಲೀಟರಿಗೆ ಸುಮಾರು 120ರಿಂದ 150 ಗ್ರಾಂ ಹಣ್ಣಿನ ಸಕ್ಕರೆ ಹಾಗೇ ಉಳಿಯುತ್ತದೆ.

ಕೊನೆಗೆ ಲೋಟ ಕೈಗೆ ಬಂತು. ಎರಡು ಗುಟುಕಿನಷ್ಟು. ಬಣ್ಣ ಹೊಸ ತುಪ್ಪ ಕಾಸಿದಾಗ ಬರುತ್ತದಲ್ಲ, ಅದು. ಕುಡಿಯುವ ಮೊದಲು ತುಂಬಾ ಹೊತ್ತು ಮೂಸಿದೆ. ಜರದಾಳು, ಜೇನುಮೇಣ, ಎಲ್ಲೋ ಹಿಂದೆ ಕೇಸರಿ. ಬಾಯಿಗೆ ಇಟ್ಟಾಗ ಮೊದಲು ಸಿಹಿ ತುಂಬಿತು, ಮರುಕ್ಷಣ ಹುಳಿ ಬಂದು ಅದನ್ನು ಎತ್ತಿ ಹಿಡಿಯಿತು. ರಾಮನವಮಿಯ ಪಾನಕದಲ್ಲಿ ಬೆಲ್ಲಕ್ಕೆ ನಿಂಬೆ ಮಾಡುವ ಕೆಲಸ ಇದು. ನಿಂಬೆ ಇಲ್ಲದಿದ್ದರೆ ಪಾನಕ ಸುಮ್ನೆ ಬೆಲ್ಲದ ನೀರು, ಅಲ್ವಾ? ನುಂಗಿದ ಮೇಲೂ ರುಚಿ ಹೋಗಲಿಲ್ಲ. ಅಂಗಳ ದಾಟಿ, ಸೈಕಲ್ ಬೀಗ ತೆಗೆಯುವವರೆಗೂ ನಾಲಿಗೆಯ ಬುಡದಲ್ಲಿ ಕಿತ್ತಳೆ ಸಿಪ್ಪೆಯ ಸಣ್ಣ ಕಹಿ ಇತ್ತು.

ಅಲ್ಲಿಯ ಬಾಟಲಿ ನನ್ನ ಕೈಗೆಟುಕುವಂಥದ್ದಲ್ಲ, ನೂರಾರು ಯೂರೋ. ಆದರೆ ಸೋತೆರ್ನ್ ಅಂದರೆ ಅದೊಂದೇ ತೋಟವಲ್ಲ. ಸೋತೆರ್ನ್, ಬಾರ್ಸಾಕ್, ಬೊಮ್, ಪ್ರೆನ್ಯಾಕ್, ಫಾರ್ಗ್, ಹೀಗೆ ಐದು ಊರುಗಳ ತೋಟಗಳು ಇದೇ ಮಂಜಿನಲ್ಲಿ ಇದೇ ಬೂಷ್ಟಿನಿಂದ ಸಿಹಿ ವೈನ್ ಮಾಡುತ್ತವೆ. ಸಂಜೆ ಊರಿನ ಊಟದ ಮನೆಯಲ್ಲಿ ಬಾರ್ಸಾಕಿನದೊಂದು ಲೋಟ ತೆಗೆದುಕೊಂಡೆ, ಜೊತೆಗೆ ರೋಕ್‌ಫೋರ್ ಚೀಸ್. ಅದರೊಳಗೂ ನೀಲಿ ಬೂಷ್ಟು! ಚೀಸಿನ ಉಪ್ಪು, ವೈನಿನ ಸಿಹಿ ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತಿದ್ದವು. ನನ್ನನ್ನು ಕೇಳಿದರೆ ಇದನ್ನು ಸಿಹಿ ತಿಂಡಿಯ ಜೊತೆ ಕುಡಿಯಬಾರದು. ಸಿಹಿಯ ಮೇಲೆ ಸಿಹಿ ಬಿದ್ದರೆ ವೈನ್ ಸಪ್ಪೆಯಾಗುತ್ತದೆ.

ಅಪ್ಪನಿಗೆ ಫೋನ್ ಮಾಡಿ ಬೂಷ್ಟು ಹಿಡಿದ ಗೊನೆಯ ಫೋಟೋ ಕಳಿಸಿದೆ. "ಔಷಧಿ ಹೊಡದಿಲ್ಲೇನು?" ಅಂದರು. ಹೊಡೆಯದೆ ಬಿಟ್ಟಿದ್ದಲ್ಲ, ಇದೇ ಬೇಕಂತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮಳಿ ಬಂದ್ರ?" ಅಂತ ಕೇಳಿದರು. 2012ರ ಕಥೆ ಹೇಳಿದೆ. "ಪಾಪ" ಅಂದರು.

ಹೊರಡುವ ದಿನ ಒಂದು ಸಣ್ಣ ತೋಟದ ಅರ್ಧ ಬಾಟಲಿ ಕೊಂಡು, ಸ್ವೆಟರಿನಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಅಪ್ಪ ಕುಡಿಯುವುದಿಲ್ಲ. ಊರಿಗೆ ಬಂದು, ಸ್ಟೀಲ್ ಲೋಟಕ್ಕೆ ಎರಡು ಹನಿ ಹಾಕಿ ಮೂಸಲು ಕೊಟ್ಟೆ. ಕಣ್ಣು ಮುಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಮಾರ್ಚದಾಗ ನಮ್ಮ ಮಣೂಕ ಶೆಡ್ಡಿನ ಬಾಗಲಾ ತಗದಾಗ ಬರೋ ವಾಸನಿ ಇದು" ಅಂದರು. ಲೋಟ ತಿರುಗಿ ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತರು.